ಮೂವತ್ತೊಂಬತ್ತು ಹಳ್ಳಿಗಳ ಕೂಸುಗಳು: ಗಡಚಿರೋಲಿಯ ನವಜಾತ ಶಿಶು ಆರೈಕೆಯ ಒಂದು ಪ್ರಕರಣ ಅಧ್ಯಯನ

ಅಕ್ಷರ ಕಲಿಯದ, ಹತ್ತರಾಚೆಗೆ ಎಣಿಸಿ ರೂಢಿಯಿಲ್ಲದ ಸೂಲಗಿತ್ತಿಯೊಬ್ಬರು ಮಗುವಿಗೆ ನ್ಯುಮೋನಿಯಾ ಆಗಿದೆಯೆಂದು ಹೇಗೆ ಗುರುತಿಸಬೇಕು? ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ ಅರವತ್ತು ಸಲ, ಅದಕ್ಕಿಂತ ತುಸು ದೊಡ್ಡ ಮಗು ಐವತ್ತು ಸಲ ಉಸಿರೆಳೆದರೆ ಅಪಾಯ ಎಂದು ವೈದ್ಯರಿಗೆ ಗೊತ್ತು. ಸೂಲಗಿತ್ತಿಗೆ ಕೈಗಡಿಯಾರವಿಲ್ಲ, ಅರವತ್ತರವರೆಗೆ ಎಣಿಕೆಯೂ ಇಲ್ಲ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಈ ತೊಡಕಿಗೆ ಕಂಡುಕೊಂಡ ಉಪಾಯ ಅಂಗೈಯಗಲದ ಒಂದು ಸಾಧನ. ಅದರಲ್ಲಿ ಒಂದು ನಿಮಿಷದ ಮರಳುಗಡಿಯಾರ, ಅದರ ಜೊತೆಗೆ ಎರಡು ಸಾಲು ಮಣಿಗಳು. ಒಂದು ಸಾಲು ಎಳೆಗೂಸಿಗೆ, ಇನ್ನೊಂದು ಅದಕ್ಕಿಂತ ದೊಡ್ಡ ಮಗುವಿಗೆ. ಮಗುವಿನ ಹೊಟ್ಟೆ ಹತ್ತು ಸಲ ಏರಿಳಿದರೆ ಒಂದು ಮಣಿ ಸರಿಸಬೇಕು. ಮರಳು ಪೂರ್ತಿ ಇಳಿಯುವ ಮೊದಲೇ ಕೆಂಪು ಮಣಿಯ ಸರದಿ ಬಂತೆಂದರೆ ಅದು ನ್ಯುಮೋನಿಯಾ, ಔಷಧಿ ಕೊಡಬೇಕು.

ಇಷ್ಟೇ. ಆದರೆ ಈ ಮಣಿಗಳ ಹಿಂದೆ ಒಂದು ದೊಡ್ಡ ನಂಬಿಕೆ ಇತ್ತು. ಹಳ್ಳಿಯ ಹೆಂಗಸಿನ ಕಣ್ಣು ರೋಗವನ್ನು ಗುರುತಿಸಬಲ್ಲದು, ಆಕೆಯ ಕೈ ಚಿಕಿತ್ಸೆ ನೀಡಬಲ್ಲದು, ನಾವು ಮಾಡಬೇಕಾದದ್ದು ಆಕೆಗೆ ಒಗ್ಗುವಂತೆ ವಿದ್ಯೆಯನ್ನು ಹದಗೊಳಿಸಿ ಕೊಡುವುದು ಎಂಬ ನಂಬಿಕೆ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಗಡಚಿರೋಲಿಯಲ್ಲಿ ನಡೆದದ್ದೆಲ್ಲ ಈ ನಂಬಿಕೆಯ ಪರೀಕ್ಷೆ. ಇಂದು ನಮ್ಮ ಊರಿನ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಮೂರನೆಯ ದಿನ, ಏಳನೆಯ ದಿನ ಬಂದು ಕೂಸನ್ನು ತೂಗುತ್ತಾರಲ್ಲ, ಆ ಭೇಟಿಯ ಬೇರು ಅಲ್ಲಿದೆ.

ಕಾಡಿನ ಜಿಲ್ಲೆ

ಗಡಚಿರೋಲಿ ಮಹಾರಾಷ್ಟ್ರದ ಪೂರ್ವದ ತುದಿಯಲ್ಲಿದೆ. 1982ರಲ್ಲಿ ಚಂದ್ರಪುರದಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಒಂದು ಬದಿಗೆ ಛತ್ತೀಸಗಡ, ಇನ್ನೊಂದು ಬದಿಗೆ ತೆಲಂಗಾಣ. ಜಿಲ್ಲೆಯ ಬಹುಪಾಲು ಕಾಡು. ಗೊಂಡ, ಮಾಡಿಯಾ ಜನ ಇಲ್ಲಿನವರು. ಅವರಾಡುವ ಗೊಂಡಿ ದ್ರಾವಿಡ ಭಾಷೆ, ನಮ್ಮ ಕನ್ನಡಕ್ಕೆ ದೂರದ ನೆಂಟ. ಮಳೆಗಾಲದಲ್ಲಿ ಹೊಳೆಗಳು ತುಂಬಿದರೆ ಎಷ್ಟೋ ಹಳ್ಳಿಗಳಿಗೆ ಹೊರಗಿನ ಸಂಪರ್ಕ ತಪ್ಪಿಹೋಗುವ ಸೀಮೆ ಇದು.

ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಓದಿ ಮರಳಿ, 1986ರಲ್ಲಿ ಇಲ್ಲಿ ‘ಸರ್ಚ್’ ಎಂಬ ಸಂಸ್ಥೆ ಕಟ್ಟಿದರು. ಅಭಯ ಬಂಗ್ ಅವರು ತಮ್ಮ ಮೊದಲ ದಿನಗಳ ಒಂದು ಸೋಲನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಬುಡಕಟ್ಟು ಜನರಲ್ಲಿ ಕುಡುಗೋಲು ಕಣ ರೋಗ (ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ) ಇದೆಯೆಂದು ಅವರು ಶ್ರಮಪಟ್ಟು ತೋರಿಸಿಕೊಟ್ಟರು. ವೈದ್ಯಲೋಕ ಮೆಚ್ಚಿತು, ಜನ ಮಾತ್ರ ತಲೆಯೆತ್ತಿಯೂ ನೋಡಲಿಲ್ಲ. ಅದು ಜನ ಕೇಳಿದ ಪ್ರಶ್ನೆಯೇ ಆಗಿರಲಿಲ್ಲ. ಸಂಶೋಧನೆ ಜನರ ಮೇಲೆ ನಡೆಯದೆ ಜನರ ಜೊತೆಗೆ ನಡೆಯಬೇಕು ಎಂಬ ಪಾಠವನ್ನು ಬಂಗ್ ಕಲಿತದ್ದು ಅಲ್ಲಿ.

ಆ ಪಾಠ ಅವರ ಆಸ್ಪತ್ರೆಯ ಗೋಡೆಗಳಲ್ಲೇ ಕಾಣುತ್ತದೆ. ಆದಿವಾಸಿಗಳು ದೊಡ್ಡ ಬಿಳಿ ಕಟ್ಟಡದ ಆಸ್ಪತ್ರೆಗೆ ಏಕೆ ಬರುವುದಿಲ್ಲ ಎಂದು ಅವರನ್ನೇ ಕೇಳಲಾಯಿತು. ಬಿಳಿ ಬಟ್ಟೆ ಹೆಣಕ್ಕೆ ಹೊದಿಸುವುದು, ಬಿಳಿ ಬಟ್ಟೆ ತೊಟ್ಟವರ ನಡುವೆ ಜೀವ ಉಳಿಯುವುದೆಂದು ಹೇಗೆ ನಂಬುವುದು ಎಂಬ ಉತ್ತರ ಬಂತು. ರೋಗಿಯ ಜೊತೆ ಮನೆಯವರಿಗೂ ಇರಲು ಜಾಗ ಬೇಕು, ದೇವರೂ ಬಳಿಯಲ್ಲೇ ಇರಬೇಕು ಎಂದರು. ಹಾಗಾಗಿ ಸರ್ಚ್‌ನ ನೆಲೆಯಾದ ಶೋಧಗ್ರಾಮದ ಆಸ್ಪತ್ರೆ ಹಳ್ಳಿಯ ಗುಡಿಸಲುಗಳ ಮಾದರಿಯಲ್ಲಿ ಎದ್ದಿತು. ದೇವಿಯ ಹೆಸರನ್ನೇ ಹೊತ್ತು ಮಾ ದಂತೇಶ್ವರಿ ಆಸ್ಪತ್ರೆಯಾಯಿತು. ಸಮುದಾಯದ ಸಹಭಾಗಿತ್ವ ಎಂಬ ಮಾತು ಸಭೆಗಳಲ್ಲಿ, ವರದಿಗಳಲ್ಲಿ ಸವೆದುಹೋಗಿದೆ. ಅದಕ್ಕೆ ಅರ್ಥವೇನೆಂದು ಯಾರಾದರೂ ಕೇಳಿದರೆ ನಾನು ಈ ಕಟ್ಟಡವನ್ನು ತೋರಿಸುತ್ತೇನೆ.

ಇಲ್ಲಿ ಮೊದಲು ಆರಂಭವಾದದ್ದು ಮಕ್ಕಳ ಸಾವನ್ನು ಎಣಿಸುವ ಕೆಲಸ. ಮಕ್ಕಳ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ನ್ಯುಮೋನಿಯಾ ಎಂದು ಕಂಡಾಗ ಮೊದಲ ಪ್ರಯೋಗ ಅದರ ವಿರುದ್ಧವೇ ನಡೆಯಿತು. 58 ಹಳ್ಳಿಗಳಲ್ಲಿ ಆರೋಗ್ಯ ಸಹಾಯಕರಿಗೆ, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ, ಸೂಲಗಿತ್ತಿಯರಿಗೆ ನ್ಯುಮೋನಿಯಾವನ್ನು ಗುರುತಿಸುವುದನ್ನೂ ಔಷಧಿ ಕೊಡುವುದನ್ನೂ ಕಲಿಸಿದರು. ಅವರು ನೋಡಿಕೊಂಡ 612 ಪ್ರಕರಣಗಳಲ್ಲಿ ಸತ್ತವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ, 0.8 ಶೇಕಡಾ. ಹೋಲಿಕೆಗೆ ಆರಿಸಿದ 44 ಹಳ್ಳಿಗಳಲ್ಲಿ ಅದೇ ಕಾಯಿಲೆಗೆ ನೂರಕ್ಕೆ 13.5 ಮಕ್ಕಳು ಬಲಿಯಾದರು. 1990ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಈ ಫಲಿತಾಂಶ ಬಂತು. ಮಣಿ ಸರಿಸುವ ಕೈಗಳ ಮೇಲಿಟ್ಟ ನಂಬಿಕೆಗೆ ಮೊದಲ ಪುರಾವೆ ಸಿಕ್ಕಿದ್ದು ಆಗ.

ಇಪ್ಪತ್ತೆಂಟು ದಿನಗಳ ಕತ್ತಲು

ನ್ಯುಮೋನಿಯಾದ ಸಾವು ಇಳಿಯಿತು. ಆದರೆ ಶಿಶುಮರಣದ ದೊಡ್ಡ ಪಾಲು ಬೇರೆಡೆ ಅಡಗಿತ್ತು. ಹುಟ್ಟಿದ ಮೊದಲ ಇಪ್ಪತ್ತೆಂಟು ದಿನಗಳಲ್ಲಿ ಸತ್ತ ಕೂಸುಗಳು ಎಷ್ಟೋ ಸಲ ಸರಕಾರದ ಲೆಕ್ಕಕ್ಕೇ ಬರುತ್ತಿರಲಿಲ್ಲ. ಬಾಣಂತಿಯ ಕತ್ತಲು ಕೋಣೆಯಲ್ಲಿ, ಹೆಸರಿಡುವ ಮೊದಲೇ ಹೋದ ಜೀವಕ್ಕೆ ಜನನದ ದಾಖಲೆಯೂ ಇಲ್ಲ, ಮರಣದ ದಾಖಲೆಯೂ ಇಲ್ಲ. ಹೊರಗಿನವರು ಆ ಕೋಣೆಯೊಳಗೆ ಹೋಗುವಂತಿರಲಿಲ್ಲ. ವೈದ್ಯಶಾಸ್ತ್ರ ಆಗ ಹೇಳುತ್ತಿದ್ದದ್ದು ಒಂದೇ ದಾರಿ: ಕಾಯಿಲೆ ಬಿದ್ದ ನವಜಾತ ಶಿಶುವನ್ನು ಆಸ್ಪತ್ರೆಗೆ ಸೇರಿಸಿ. ಯಾವ ಆಸ್ಪತ್ರೆಗೆ, ಯಾವ ರಸ್ತೆಯಲ್ಲಿ, ಯಾರ ದುಡ್ಡಿನಲ್ಲಿ ಎಂಬುದಕ್ಕೆ ಅದರ ಬಳಿ ಉತ್ತರವಿರಲಿಲ್ಲ.

1993ರಿಂದ ಎರಡು ವರ್ಷ ಸರ್ಚ್ ಕೇವಲ ಎಣಿಸಿತು. 39 ಹಳ್ಳಿಗಳು ಆರೈಕೆ ನೀಡಲು, 47 ಹಳ್ಳಿಗಳು ಹೋಲಿಕೆಗೆ. ನವಜಾತ ಮರಣ, ಅಂದರೆ ಮೊದಲ ಇಪ್ಪತ್ತೆಂಟು ದಿನಗಳ ಸಾವು, ಹುಟ್ಟಿದ ಸಾವಿರ ಕೂಸುಗಳಿಗೆ 62 ಮತ್ತು 58, ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮೂರನೆಯ ವರ್ಷ ಆರೈಕೆಯ ಪ್ರತಿ ಹಳ್ಳಿಯಿಂದ, ಐದೋ ಹತ್ತೋ ವರ್ಷ ಶಾಲೆ ಕಂಡ, ಅದೇ ಊರಿನಲ್ಲಿ ಬದುಕುವ ಹೆಂಗಸೊಬ್ಬರನ್ನು ಆರಿಸಿ ತರಬೇತಿ ಕೊಡಲಾಯಿತು. ಇವರೇ ಆರೋಗ್ಯದೂತರು. ಆ ಮೊದಲ ವರ್ಷ ಅವರ ಕೆಲಸ ಬಹುಪಾಲು ನೋಡುವುದು, ಬರೆದುಕೊಳ್ಳುವುದು. ಹೆರಿಗೆಯ ಹೊತ್ತಿಗೆ ಹಾಜರಿರಬೇಕು, ಇಪ್ಪತ್ತೆಂಟು ದಿನ ಮತ್ತೆಮತ್ತೆ ಮನೆಗೆ ಹೋಗಬೇಕು, ಕಂಡದ್ದನ್ನೆಲ್ಲ ದಾಖಲಿಸಬೇಕು.

1995-96ರ ಆ ಒಂದು ವರ್ಷದಲ್ಲಿ 763 ಕೂಸುಗಳನ್ನು ಹೀಗೆ ಗಮನಿಸಿದರು. ಹೆಚ್ಚುಕಡಿಮೆ ಎಲ್ಲವೂ, ನೂರಕ್ಕೆ 95ರಷ್ಟು, ಮನೆಯಲ್ಲೇ ಹುಟ್ಟಿದವು. ನೂರಕ್ಕೆ 42 ಕೂಸುಗಳ ತೂಕ ಎರಡೂವರೆ ಕಿಲೋಗಿಂತ ಕಡಿಮೆ. ಸುಮಾರು ಅರ್ಧದಷ್ಟು ಕೂಸುಗಳಿಗೆ ಜೀವಕ್ಕೆ ಕುತ್ತು ತರಬಲ್ಲ ಕಾಯಿಲೆಯೊಂದು ಬಂದುಹೋಯಿತು. ವೈದ್ಯಕೀಯ ನೆರವು ಸಿಕ್ಕಿದ್ದು ನೂರಕ್ಕೆ ಮೂವರಿಗೂ ಅಲ್ಲ. ನಲವತ್ತು ಕೂಸುಗಳು ಸತ್ತವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾವಿಗೆ ಮೂಲ ಕಾರಣ ನಂಜು (ಮೈಯೆಲ್ಲ ಹರಡುವ ಸೋಂಕು) ಅಥವಾ ನ್ಯುಮೋನಿಯಾ. ಐದರಲ್ಲೊಂದಕ್ಕೆ ಹುಟ್ಟುವಾಗ ಉಸಿರುಗಟ್ಟಿದ್ದು. ಉಳಿದವುಗಳಲ್ಲಿ ಹೆಚ್ಚಿನವು ತೀರಾ ಮೊದಲೇ ಹುಟ್ಟಿದ ಕೂಸುಗಳು.

ಈ ಅಂಕಿಗಳನ್ನು ಓದುವಾಗ ಎದೆ ಹಿಂಡುತ್ತದೆ. ಹತ್ತಿರ ನಿಂತು ಬರೆದುಕೊಂಡ ಆರೋಗ್ಯದೂತರಲ್ಲಿ ಎಷ್ಟು ಸಂಕಟವಿದ್ದಿರಬೇಕು! ಆದರೂ ಆ ವರ್ಷದ ಬರಹವಿಲ್ಲದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಹಳ್ಳಿಯ ಮನೆಯಲ್ಲಿ ಹುಟ್ಟಿದ ಕೂಸಿಗೆ ಮೊದಲ ತಿಂಗಳಲ್ಲಿ ಏನೇನಾಗುತ್ತದೆ ಎಂಬುದು ಅದಕ್ಕೆ ಮೊದಲು ಇಷ್ಟು ನಿಚ್ಚಳವಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಭಯ ಬಂಗ್ ಒಂದು ಕೂಸಿನ ಸಾವನ್ನು ಬಿಡಿಸಿ ನೋಡಿ ಅದಕ್ಕೆ ಹದಿನೆಂಟು ಕಾರಣಗಳನ್ನು ಪಟ್ಟಿ ಮಾಡಿದ್ದುಂಟು. ತಾಯಿಯ ಅರೆಹೊಟ್ಟೆಯಿಂದ ಹಿಡಿದು ಬಸುರಿನಲ್ಲಿ ಬಂದ ಮಲೇರಿಯಾ, ಅಪ್ಪನ ಕುಡಿತ, ಮಾಟಮಂತ್ರದ ಮೊರೆ, ಹೊಳೆ, ರಸ್ತೆಯವರೆಗೆ. ಹದಿನೆಂಟನ್ನೂ ನೀಗಿಸಲು ನೂರು ವರ್ಷ ಬೇಕಾದೀತು. ಆದರೆ ಇದು ಸರಪಳಿ, ಒಂದು ಕೊಂಡಿ ಕಳಚಿದರೂ ಕೂಸು ಬದುಕೀತು ಎಂದು ಅವರು ಕಂಡುಕೊಂಡರು. ಬಡತನ ಹೋಗುವವರೆಗೆ ಕಾಯಬೇಕು ಎನ್ನುವವರಿಗೂ, ಆಸ್ಪತ್ರೆ ಕಟ್ಟುವವರೆಗೆ ಕಾಯಬೇಕು ಎನ್ನುವವರಿಗೂ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕೇಳಿಲ್ಲ.

ಮನೆಯೊಳಗಿನ ಆರೈಕೆ

1996ರಿಂದ ಆರೋಗ್ಯದೂತರು ನೋಡುವುದರ ಜೊತೆಗೆ ಮಾಡತೊಡಗಿದರು. ಹೆರಿಗೆಯ ಹೊತ್ತಿನಲ್ಲಿ ಸೂಲಗಿತ್ತಿಯನ್ನು ಪಕ್ಕಕ್ಕೆ ಸರಿಸಲಿಲ್ಲ. ತಾಯಿಯ ಜವಾಬ್ದಾರಿ ಸೂಲಗಿತ್ತಿಯದು, ಕೂಸಿನ ಜವಾಬ್ದಾರಿ ಆರೋಗ್ಯದೂತೆಯದು ಎಂದು ಕೆಲಸ ಹಂಚಿಹೋಯಿತು. ಇದು ಸಣ್ಣ ಸಂಗತಿಯಂತೆ ತೋರಬಹುದು. ಹೆರಿಗೆಯಾದ ಮೊದಲ ನಿಮಿಷಗಳಲ್ಲಿ ಎಲ್ಲರ ಕಣ್ಣೂ ತಾಯಿಯ ಮೇಲೆ, ಮಾಸು ಬಿತ್ತೋ ಇಲ್ಲವೋ, ರಕ್ತ ನಿಂತಿತೋ ಇಲ್ಲವೋ ಎಂಬುದರ ಮೇಲೆ. ಅಳದ ಕೂಸು ಬದಿಯಲ್ಲಿ ಬಿದ್ದಿರುತ್ತದೆ. ಆ ಬದಿಯಲ್ಲಿ ಅದಕ್ಕಾಗಿಯೇ ಒಬ್ಬರು ಕೂತಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಯೋಚಿಸಿ. ಹುಟ್ಟಿ ಅಳದ ಕೂಸಿಗೆ ಮೊದಮೊದಲು ಬಾಯಿಗೆ ಬಾಯಿಟ್ಟು, ಆಮೇಲೆ ಕೊಳವೆ ಮತ್ತು ಮುಖವಾಡದಿಂದ, 1999ರಿಂದ ಚೀಲ ಮತ್ತು ಮುಖವಾಡದಿಂದ ಉಸಿರು ತುಂಬುವುದನ್ನು ಅವರು ಮಾಡಿದರು. ಉಸಿರುಗಟ್ಟಿ ಸಾಯುವ ಕೂಸುಗಳ ಪ್ರಮಾಣ ಸುಮಾರು ಮೂರರಲ್ಲಿ ಎರಡು ಪಾಲು ಇಳಿಯಿತು.

ಉಳಿದ ಕೆಲಸ ಕಣ್ಣಿಗೆ ಕುಕ್ಕುವಂಥದಲ್ಲ. ಕೂಸನ್ನು ಒರೆಸಿ ಬೆಚ್ಚಗೆ ಸುತ್ತುವುದು, ಹುಟ್ಟಿದೊಡನೆ ಗಿಣ್ಣು ಹಾಲು ಕುಡಿಸುವುದು, ತೀರಾ ಸಣ್ಣ ಕೂಸಿಗೆ ಬೆಚ್ಚನೆಯ ಚೀಲ ಹೊಲಿದು ಅದರಲ್ಲಿ ಮಲಗಿಸುವುದು, ಮೊಲೆಗೆ ಬಾಯಿಡಲಾರದ ಕೂಸಿಗೆ ಹಿಂಡಿದ ಹಾಲನ್ನು ಚಮಚದಲ್ಲಿ ಕೊಡುವುದು, ತೂಕ ಏರುತ್ತಿದೆಯೇ ಎಂದು ವಾರವಾರ ನೋಡುವುದು.

ಆಮೇಲೆ ಬಂತು ಸೂಜಿ. ನಂಜೇರಿದ ಕೂಸಿಗೆ ಆರೋಗ್ಯದೂತೆ ಜೆಂಟಾಮೈಸಿನ್ ಎಂಬ ಸೋಂಕುನಿವಾರಕ ಚುಚ್ಚುಮದ್ದು ಕೊಡಬೇಕೆಂದು ಸರ್ಚ್ ತೀರ್ಮಾನಿಸಿತು. ನಂಜನ್ನು ಗುರುತಿಸಲು ರಕ್ತಪರೀಕ್ಷೆಯಿಲ್ಲ. ಗಟ್ಟಿಯಾಗಿ ಅಳುತ್ತಿದ್ದ ಕೂಸಿನ ಅಳು ಕ್ಷೀಣಿಸಿತೇ? ಚೆನ್ನಾಗಿ ಚೀಪುತ್ತಿದ್ದದ್ದು ಹಾಲು ಬಿಟ್ಟಿತೇ? ಕೈಕಾಲು ಜೋಲು ಬಿದ್ದವೇ? ಮಂಪರು ಕವಿಯಿತೇ? ಮೈ ತಣ್ಣಗಾಯಿತೇ, ಸುಡುತ್ತಿದೆಯೇ? ಇಂಥ ಲಕ್ಷಣಗಳಲ್ಲಿ ಎರಡು ಒಟ್ಟಿಗೆ ಕಂಡರೆ ನಂಜು ಎಂದು ಭಾವಿಸಬೇಕು. ಗಮನಿಸಿ, ಇವು ತಾಯಿಯ ಕಣ್ಣಿಗೆ ಎಲ್ಲರಿಗಿಂತ ಮೊದಲು ಬೀಳುವ ಲಕ್ಷಣಗಳು. “ಬೆಳಿಗ್ಗೆಯಿಂದ ಯಾಕೋ ಮೊಲೆ ಹಿಡಿಯುತ್ತಿಲ್ಲ” ಎಂದು ಯಾವ ಊರಿನ ತಾಯಿ ಹೇಳಿಲ್ಲ? ಆ ಮಾತಿಗೆ ರೋಗಲಕ್ಷಣದ ಮಾನ್ಯತೆ ಕೊಟ್ಟದ್ದು ಈ ಪ್ರಯೋಗದ ದೊಡ್ಡತನ. ಲಕ್ಷಣ ಕಂಡೊಡನೆ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಸಲಹೆ. ಹೆತ್ತವರು ಒಪ್ಪದಿದ್ದರೆ, ಅವರ ಲಿಖಿತ ಒಪ್ಪಿಗೆ ಪಡೆದು ಮನೆಯಲ್ಲೇ ಚಿಕಿತ್ಸೆ.

ಹತ್ತನೆಯ ತರಗತಿ ದಾಟದ ಹೆಂಗಸಿನ ಕೈಗೆ ನವಜಾತ ಶಿಶುವಿಗೆ ಚುಚ್ಚುವ ಸೂಜಿ ಕೊಡುವುದು ಹಲವು ವೈದ್ಯರಿಗೆ ನುಂಗಲಾರದ ತುತ್ತಾಗಿತ್ತು. ಅವರ ಅಂಜಿಕೆಯನ್ನು ಹುರುಳಿಲ್ಲದ್ದೆಂದು ತಳ್ಳಿಹಾಕಲಾರೆ. ಔಷಧದ ಪ್ರಮಾಣ ತಪ್ಪಿದರೆ, ಸೂಜಿ ಶುದ್ಧವಿಲ್ಲದಿದ್ದರೆ ಉಳಿಸಹೋದವರೇ ಕೊಂದಂತಾಗುತ್ತದೆ. ಆದರೆ ಆ ಹಳ್ಳಿಗಳಲ್ಲಿ ಆಯ್ಕೆ ಇದ್ದದ್ದು ತಜ್ಞ ವೈದ್ಯ ಮತ್ತು ಆರೋಗ್ಯದೂತೆಯ ನಡುವೆ ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಆರೋಗ್ಯದೂತೆ ಇಲ್ಲದಿದ್ದರೆ ಅಲ್ಲಿ ಯಾರೂ ಇರಲಿಲ್ಲ. ಮತ್ತೆ, ಆಕೆಯನ್ನು ಒಬ್ಬಳೇ ಬಿಟ್ಟಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಮೇಲ್ವಿಚಾರಕರು ಬಂದು ದಾಖಲೆ ನೋಡುತ್ತಿದ್ದರು, ಕೈಚಳಕ ಪರೀಕ್ಷಿಸುತ್ತಿದ್ದರು, ತಪ್ಪಿದ್ದರೆ ಅಲ್ಲೇ ತಿದ್ದುತ್ತಿದ್ದರು. ಈ ಹದಿನೈದು ದಿನದ ಭೇಟಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಮುಂದೆ ಇದರ ಮಾತು ಬರುತ್ತದೆ.

ಆರೋಗ್ಯದೂತರು ಕೆಲಸ ಶುರುಮಾಡಿ ಮೂರು ವರ್ಷ ಕಳೆಯುವಷ್ಟರಲ್ಲಿ ಆ ಹಳ್ಳಿಗಳಲ್ಲಿ ಹುಟ್ಟಿದ ನೂರರಲ್ಲಿ 93 ಕೂಸುಗಳಿಗೆ ಈ ಆರೈಕೆ ಸಿಕ್ಕಿತು. ನವಜಾತ ಮರಣ ಸಾವಿರಕ್ಕೆ 62ರಿಂದ 25.5ಕ್ಕೆ ಇಳಿಯಿತು. ಹೋಲಿಕೆಯ ಹಳ್ಳಿಗಳ ಜೊತೆಗಿಟ್ಟು ನೋಡಿದರೆ ಶೇಕಡಾ 62ರಷ್ಟು ಇಳಿಕೆ. ಒಂದು ವರ್ಷದೊಳಗಿನ ಶಿಶುಮರಣ ಶೇಕಡಾ 46ರಷ್ಟು ತಗ್ಗಿ ಸಾವಿರಕ್ಕೆ 38.8ಕ್ಕೆ ಬಂತು. ನಂಜೇರಿದ ಕೂಸುಗಳಲ್ಲಿ ಮೊದಲು ನೂರಕ್ಕೆ 16.6 ಸಾಯುತ್ತಿದ್ದರೆ ಚಿಕಿತ್ಸೆ ಶುರುವಾದ ಮೇಲೆ 2.8. ಒಂದು ಕೂಸಿನ ಆರೈಕೆಗೆ ತಗುಲಿದ ವೆಚ್ಚ 5.3 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು ಇನ್ನೂರು ರೂಪಾಯಿ. ಹದಿನೆಂಟು ಕೂಸುಗಳನ್ನು ನೋಡಿಕೊಂಡರೆ ಒಂದು ಸಾವು ತಪ್ಪುತ್ತಿತ್ತು. 1999ರ ‘ಲ್ಯಾನ್ಸೆಟ್’ನಲ್ಲಿ ಈ ವರದಿ ಪ್ರಕಟವಾಯಿತು.

ಅಂಕಿ ನಂಬಬಹುದೇ? ಕೇಳಬೇಕಾದ ಪ್ರಶ್ನೆಯೇ. ಜನನ ಮರಣಗಳನ್ನು ದಾಖಲಿಸಿದವರು ಆರೈಕೆ ಮಾಡಿದ ಆರೋಗ್ಯದೂತರಲ್ಲ, ಎರಡೂ ಕಡೆಯ ಹಳ್ಳಿಗಳಲ್ಲಿ ಅದಕ್ಕೆಂದೇ ಬೇರೆ ಕಾರ್ಯಕರ್ತರಿದ್ದರು. ತನ್ನ ಕೆಲಸದ ಫಲವನ್ನು ತಾನೇ ಎಣಿಸಿಕೊಳ್ಳುವ ಆಸೆಗೆ ಅಲ್ಲಿ ಎಡೆಯಿರಲಿಲ್ಲ. ಒಂದು ಕೊರತೆ ಮಾತ್ರ ಇದೆ: ಯಾವ ಹಳ್ಳಿ ಯಾವ ಕಡೆ ಎಂಬುದನ್ನು ಚೀಟಿಯೆತ್ತಿ ಹಂಚಿರಲಿಲ್ಲ. ಜೊತೆಗೆ, ಹತ್ತು ವರ್ಷ ಜನರ ನಡುವೆ ಬೆರೆತು ಬಾಳಿದ ಸಂಸ್ಥೆಯೊಂದು ಮಾಡಿದ ಕೆಲಸ ಇದು. ಆ ನಂಟನ್ನು ಬೇರೆಡೆಗೆ ಹೊತ್ತೊಯ್ಯಲು ಬರುತ್ತದೆಯೇ?

ಬೇರೆಡೆಗೆ ಹೋದಾಗ

ಅದಕ್ಕೆ ಉತ್ತರ ಹುಡುಕಲು ಮಹಾರಾಷ್ಟ್ರದ ಏಳು ಸ್ವಯಂಸೇವಾ ಸಂಸ್ಥೆಗಳು ತಮ್ಮ ತಮ್ಮ ಊರುಗಳಲ್ಲಿ ‘ಅಂಕುರ’ ಎಂಬ ಹೆಸರಿನಲ್ಲಿ ಇದೇ ಕೆಲಸ ಮಾಡಿದವು. ಹಳ್ಳಿಗಳಿದ್ದವು, ಬುಡಕಟ್ಟು ಹಾಡಿಗಳಿದ್ದವು, ನಗರದ ಕೊಳೆಗೇರಿಯೂ ಇತ್ತು. ನವಜಾತ ಮರಣ ಅರ್ಧಕ್ಕೆ ಇಳಿಯಿತು. ಗಡಚಿರೋಲಿಯಷ್ಟು ಇಳಿಯಲಿಲ್ಲ, ಆದರೂ ಅರ್ಧ. ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿ ಮನೆಭೇಟಿಯ ಪ್ರಯೋಗ ನಡೆದು ಶೇಕಡಾ 34ರಷ್ಟು ಇಳಿಕೆ ಕಂಡಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಒಟ್ಟಾಗಿ ನವಜಾತ ಶಿಶುವಿದ್ದ ಮನೆಗೆ ಭೇಟಿ ಕೊಡಬೇಕೆಂದು ಎಲ್ಲ ದೇಶಗಳಿಗೆ ಹೇಳಿದವು.

ಭಾರತದಲ್ಲಿ 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆಯರು ಬಂದರು. 2011ರಲ್ಲಿ ಮನೆಯಾಧಾರಿತ ನವಜಾತ ಶಿಶು ಆರೈಕೆಯ ಮಾರ್ಗಸೂಚಿ ಬಂತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ 3, 7, 14, 21, 28 ಮತ್ತು 42ನೆಯ ದಿನ, ಹೀಗೆ ಆರು ಭೇಟಿ. ಮನೆಯಲ್ಲಿ ಹುಟ್ಟಿದ್ದರೆ ಮೊದಲ ದಿನವೂ ಸೇರಿ ಏಳು. ಎಲ್ಲ ಭೇಟಿ ಮುಗಿಸಿದರೆ ಆಶಾಗೆ 250 ರೂಪಾಯಿ. 2018ರಿಂದ ಮೂರನೆಯ ತಿಂಗಳಿನಿಂದ ಹದಿನೈದನೆಯ ತಿಂಗಳವರೆಗೆ ಇನ್ನೈದು ಭೇಟಿಗಳು ಸೇರಿಕೊಂಡವು. ಮೂವತ್ತೊಂಬತ್ತು ಹಳ್ಳಿಗಳ ಪ್ರಯೋಗ ಹೀಗೆ ದೇಶದ ಕಾರ್ಯಕ್ರಮವಾಯಿತು. ಹಳ್ಳಿಗಾಡಿನ ಸಂಶೋಧನೆಯೊಂದಕ್ಕೆ ಇಂಥ ಭಾಗ್ಯ ಸಿಗುವುದು ಅಪರೂಪ.

2018ರ ಪದ್ಮಶ್ರೀ ಪಟ್ಟಿಯಲ್ಲಿ ಬಂಗ್ ದಂಪತಿಯ ಹೆಸರಿತ್ತು. ಅದೇ ವರ್ಷದ ಅದೇ ಪಟ್ಟಿಯಲ್ಲಿ ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರೂ ಇತ್ತು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಬಿಡಿಗಾಸು ಮುಟ್ಟದೆ ಮಾಡಿಸಿದ ತಾಯಿ ಅವರು. ಆ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಓದಿದ ವೈದ್ಯರು ಮತ್ತು ಶಾಲೆಯ ಮೆಟ್ಟಿಲು ಹತ್ತದ ಸೂಲಗಿತ್ತಿ ಒಂದೇ ಪಟ್ಟಿಯಲ್ಲಿ ಕೂತದ್ದನ್ನು ನೋಡಿ ಆ ದಿನ ನನಗಾದ ಸಂತೋಷ ಇನ್ನೂ ಆರಿಲ್ಲ. ಗಡಚಿರೋಲಿಯ ಹೆರಿಗೆ ಕೋಣೆಯಲ್ಲಿ ಅವರಿಬ್ಬರ ವಿದ್ಯೆಯೂ ಅಕ್ಕಪಕ್ಕದಲ್ಲೇ ಕೂತಿತ್ತು.

ಕಾರ್ಯಕ್ರಮ ದೊಡ್ಡದಾಗುವಾಗ ಏನು ಉಳಿಯಿತು, ಏನು ಬಿಟ್ಟುಹೋಯಿತು? ಭೇಟಿಗಳು ಉಳಿದವು. ತೂಕದ ತಕ್ಕಡಿ, ಥರ್ಮಾಮೀಟರು, ಬೆಚ್ಚಗಿಡುವ ಬಗೆ, ಹಾಲುಣಿಸುವ ಬುದ್ಧಿವಾದ, ಅಪಾಯದ ಲಕ್ಷಣಗಳ ಪಟ್ಟಿ ಉಳಿದವು. ಭರ್ತಿ ಮಾಡುವ ನಮೂನೆ ಖಂಡಿತ ಉಳಿಯಿತು. ಸೂಜಿ ಉಳಿಯಲಿಲ್ಲ. ಆಶಾ ಕಾರ್ಯಕರ್ತೆ ಲಕ್ಷಣ ಗುರುತಿಸಿ ಆಸ್ಪತ್ರೆಗೆ ಕಳುಹಿಸಬೇಕು. ಚುಚ್ಚುಮದ್ದು ಕೊಡುವ ಅಧಿಕಾರ ಆಕೆಗಿಲ್ಲ. 2014ರಲ್ಲಿ ಆ ಅಧಿಕಾರ ಕಿರಿಯ ಆರೋಗ್ಯ ಸಹಾಯಕಿಯರಿಗೆ ಸಿಕ್ಕಿತು, ಅದೂ ಆಸ್ಪತ್ರೆಗೆ ಒಯ್ಯಲಾಗದ ಸಂದರ್ಭದಲ್ಲಿ. ಹದಿನೈದು ದಿನಕ್ಕೊಮ್ಮೆಯ ಮೇಲ್ವಿಚಾರಣೆಯೂ ತೆಳುವಾಯಿತು. ಸುಮಾರು ಇಪ್ಪತ್ತು ಆಶಾಗಳಿಗೆ ಒಬ್ಬ ಮೇಲ್ವಿಚಾರಕಿ, ಆಕೆಯೂ ಬಹುಪಾಲು ಆಶಾಗಳಿಂದಲೇ ಮೇಲೆ ಬಂದವರು, ಬಸ್ಸಿಲ್ಲದ ಊರುಗಳನ್ನು ಸುತ್ತಬೇಕಾದವರು.

ಸೂಜಿ ಬಿಟ್ಟದ್ದು ಇಂದಿಗೆ ಸರಿಯೋ ತಪ್ಪೋ ಎಂಬುದರ ಬಗ್ಗೆ ನನಗೆ ಹಟವಿಲ್ಲ. ಕಾಲ ಬದಲಾಗಿದೆ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 89 ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿದ್ದವು, ಕರ್ನಾಟಕದಲ್ಲಿ 97. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಘಟಕಗಳಿವೆ, 108 ವಾಹನವಿದೆ. ರಸ್ತೆ ತಲುಪುವ ಊರಿನಲ್ಲಿ ಕೂಸನ್ನು ಆಸ್ಪತ್ರೆಗೆ ಕಳುಹಿಸುವುದೇ ಮೇಲು. ರಸ್ತೆ ತಲುಪದ ಊರುಗಳು ಇನ್ನೂ ಇವೆ, ಅಲ್ಲಿಗೆ ಮಾತ್ರ ಬೇರೆ ನಿಯಮ ಬೇಕು ಎನ್ನುವುದು ನನ್ನ ಎಣಿಕೆ.

ಮೇಲ್ವಿಚಾರಣೆಯ ವಿಷಯದಲ್ಲಿ ನನಗೆ ಹಟವಿದೆ. ಜನನ ಮರಣಗಳನ್ನು ಅಂದಾಜಿಸುವ ಸರಕಾರದ ಮಾದರಿ ನೋಂದಣಿ ವ್ಯವಸ್ಥೆಯ 2020ರ ಲೆಕ್ಕದಲ್ಲಿ ದೇಶದ ಶಿಶುಮರಣ ಸಾವಿರಕ್ಕೆ 28 ಇತ್ತು, ಕರ್ನಾಟಕದ್ದು 19. 1990ರಲ್ಲಿ ದೇಶದಲ್ಲಿ ಅದು 80 ಇತ್ತೆಂದು ನೆನೆದರೆ ನಾವು ಬಹುದೂರ ಬಂದಿದ್ದೇವೆ. ಆದರೆ ಆ 28ರಲ್ಲಿ 20 ಸಾವುಗಳು ಮೊದಲ ಇಪ್ಪತ್ತೆಂಟು ದಿನಗಳಲ್ಲೇ ಆಗಿದ್ದವು. ಹೆರಿಗೆಯಾದ ಎರಡು ಮೂರು ದಿನಕ್ಕೆ ತಾಯಿ ಕೂಸು ಮನೆಗೆ ಬರುತ್ತಾರೆ. ಅಲ್ಲಿಂದ ಮುಂದಿನ ಇಪ್ಪತ್ತೈದು ದಿನ ಆ ಕೂಸನ್ನು ತಿಳಿವಳಿಕೆಯ ಕಣ್ಣಿನಿಂದ ನೋಡುವವರು ಆಶಾ ಒಬ್ಬರೇ.

ನಮ್ಮ ಕಡೆಯ ಒಂದು ಮೂರನೆಯ ದಿನದ ಭೇಟಿಯನ್ನು ಸರಿಯಾಗಿ ಮಾಡುವುದೆಂದರೆ ಏನೆಂದು ನೋಡಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆಯಬೇಕು. ತೊಳೆದ ಕೈಯನ್ನು ಬಟ್ಟೆಗೆ ಒರೆಸದೆ ಗಾಳಿಗೆ ಆರಲು ಬಿಡಬೇಕು. ಕೂಸನ್ನು ಎಬ್ಬಿಸುವ ಮೊದಲು, ಅದು ನಿದ್ದೆಯಲ್ಲಿರುವಾಗಲೇ ಅಂಗಿ ಮೇಲೆತ್ತಿ ಒಂದು ಪೂರ್ತಿ ನಿಮಿಷ ಹೊಟ್ಟೆಯ ಏರಿಳಿತ ಎಣಿಸಬೇಕು. ಅತ್ತರೆ ಲೆಕ್ಕ ತಪ್ಪುತ್ತದೆ. ಕಂಕುಳಲ್ಲಿ ಥರ್ಮಾಮೀಟರ್ ಇಡಬೇಕು. ತಕ್ಕಡಿಯ ಜೋಳಿಗೆಗೆ ಹಾಕುವ ಮೊದಲು ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಬೇಕು. ಹೊಕ್ಕುಳ ನೋಡಬೇಕು, ಅದಕ್ಕೆ ಎಣ್ಣೆ, ಅರಿಸಿನ, ಬೂದಿ ಏನೂ ಹಚ್ಚಿಲ್ಲವಷ್ಟೇ ಎಂದು ವಿಚಾರಿಸಬೇಕು. ಹಂಡೆಯ ನೀರು ಕಾದಿದೆ, ಅಜ್ಜಿ ಎರೆಯಲು ಸಿದ್ಧರಾಗಿದ್ದಾರೆ. ಎರಡು ಕಿಲೋ ತೂಗದ ಕೂಸಿಗೆ ಸ್ನಾನ ಈಗ ಬೇಡ, ಸಾಂಬ್ರಾಣಿ ಹೊಗೆಯೂ ಬೇಡ ಎಂದು ಆ ಅಜ್ಜಿಯ ಮನಸ್ಸು ನೋಯದಂತೆ ಹೇಳಬೇಕು. “ಅಜ್ಜೀ, ಇನ್ನೊಂದು ಸ್ವಲ್ಪ ಮೈ ತುಂಬಲಿ, ಆಮೇಲೆ ನಿಮ್ಮ ಕೈಯಾರೆ ಎರೆಯಿರಿ” ಎಂದರೆ ಒಪ್ಪುತ್ತಾರೆ. ನಾಲಿಗೆಗೆ ಜೇನು ನೆಕ್ಕಿಸಿದ್ದಾರೆಯೇ ಎಂದು ಕೇಳಿದರೆ ಸೊಸೆ ಉತ್ತರಿಸುವುದಿಲ್ಲ, ಅತ್ತೆಯ ಮುಖ ನೋಡುತ್ತಾಳೆ, ಅದೇ ಉತ್ತರ. ಕೊನೆಗೆ ತಾಯಿ ಹಾಲೂಡುವಾಗ ಪಕ್ಕದಲ್ಲಿ ಕೂತು, ಕೂಸಿನ ಬಾಯಿ ಮೊಲೆತೊಟ್ಟಿನ ಸುತ್ತಲ ಕಪ್ಪನ್ನೂ ಹಿಡಿದಿದೆಯೇ ಎಂದು ನೋಡಬೇಕು. ಇದಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು. ಆಮೇಲೆ ತಾಯಿ ಕಾರ್ಡು, ನಮೂನೆ, ಸಹಿ.

ಈ ಭೇಟಿಯನ್ನು ಐದು ನಿಮಿಷದಲ್ಲಿ ಮುಗಿಸಿ ನಮೂನೆ ತುಂಬಲೂ ಬರುತ್ತದೆ. ಎರಡಕ್ಕೂ ಸಿಗುವ ದುಡ್ಡು ಒಂದೇ, ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಜೊತೆಯಲ್ಲಿ ಬಂದು ಕೂತ ಮೇಲ್ವಿಚಾರಕಿಗೆ ಮಾತ್ರ. ಗಡಚಿರೋಲಿಯಲ್ಲಿ ಸಾವು ಇಳಿದದ್ದರ ಹಿಂದೆ ಆ ಜೊತೆಗೂಡುವಿಕೆ ಇತ್ತು. ಔಷಧಿ, ತಕ್ಕಡಿಗಳ ಬಗ್ಗೆ ಎಷ್ಟೋ ಮಾತಾಡುವ ನಾವು ಇದರ ಬಗ್ಗೆ ಮಾತಾಡುವುದು ಕಡಿಮೆ. ನ್ಯಾಯವಾದ ಗೌರವಧನ ಕೊಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಕೂತದ್ದನ್ನು ನಾವೆಲ್ಲ ಸುದ್ದಿಯಲ್ಲಿ ನೋಡಿದ್ದೇವೆ. ಒಂದು ಕೂಸಿನ ಆರು ಭೇಟಿಗೆ 250 ರೂಪಾಯಿ ಎಂದರೆ ಒಂದು ಭೇಟಿಗೆ ನಲವತ್ತೆರಡು ರೂಪಾಯಿಯೂ ಆಗುವುದಿಲ್ಲ. ಮುಕ್ಕಾಲು ಗಂಟೆಯ ಭೇಟಿಯನ್ನು ಈ ದರಕ್ಕೆ ಕೇಳುವ ಹಕ್ಕು ನಮಗಿದೆಯೇ?

ಜಿಲ್ಲಾ ಮಟ್ಟದಲ್ಲಿ ಈ ಕೆಲಸ ನೋಡಿಕೊಳ್ಳುವವರು ನಾಳೆಯಿಂದಲೇ ಮಾಡಬಹುದಾದದ್ದು ಒಂದಿದೆ, ಅದಕ್ಕೆ ಹೊಸ ಆದೇಶ ಬೇಕಿಲ್ಲ. ಎರಡು ಕಿಲೋಗಿಂತ ಕಡಿಮೆ ತೂಗುವ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಪಟ್ಟಿಯನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರ ವಾರವಾರ ತೆಗೆಯಲಿ. ಆ ಮನೆಗಳಿಗೆ ಮೂರನೆಯ ಮತ್ತು ಏಳನೆಯ ದಿನ ಆಶಾ ಜೊತೆಗೆ ಮೇಲ್ವಿಚಾರಕಿಯೋ ಕಿರಿಯ ಆರೋಗ್ಯ ಸಹಾಯಕಿಯೋ ಕಡ್ಡಾಯವಾಗಿ ಹೋಗಲಿ. ಸತ್ತ ಪ್ರತಿ ಕೂಸಿನ ಬಗ್ಗೆ, ಅದು ಎರಡೇ ಗಂಟೆ ಬದುಕಿದ್ದರೂ, ಆ ಮನೆಯ ಜಗಲಿಯ ಮೇಲೆ ಕೂತು ಮನೆಯವರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಗಡಚಿರೋಲಿಯಲ್ಲಿ ಕೆಲಸ ಶುರುವಾದದ್ದು ಹಾಗೆಯೇ, ಔಷಧಿಯ ಪೆಟ್ಟಿಗೆ ಬರುವುದಕ್ಕೆ ಮೂರು ವರ್ಷ ಮೊದಲು, ಒಂದು ನೋಟ್‌ಬುಕ್ ಹಿಡಿದು.